ಲೆಕ್ಕ ಕೊಳವೆಗೋ, ಕೊಲ್ಲಿಗೋ?

ನಮ್ಮ ಮೂಲಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಈ ವಾದವನ್ನು, ನಡುನಡುವೆ ಬಂದ ಶುಭೋದಯದ ಚಿತ್ರಗಳನ್ನಷ್ಟೇ ತೆಗೆದುಹಾಕಿ, ಇದ್ದಂತೆಯೇ ಕೊಡುತ್ತಿದ್ದೇನೆ. ತಮ್ಮ ಕಾರ್ತಿಕ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದ ಓಕ್ಲ್ಯಾಂಡಿನಲ್ಲಿದ್ದಾನೆ. ನಾನು ಅದೇ ಕೊಲ್ಲಿಯ ದಕ್ಷಿಣದಲ್ಲಿರುವ ಒಂದು ಕೊಳಚೆ ನೀರಿನ ಸಂಸ್ಕರಣಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಭಾವ ಬೆಂಗಳೂರಿನಲ್ಲಿ ವಕೀಲರು. ದೊಡ್ಡಪ್ಪ ಕರಾವಳಿಯಲ್ಲಿ ಮಾಲಿನ್ಯ ನಿಯಂತ್ರಣದ ಕೆಲಸದಲ್ಲಿದ್ದು ನಿವೃತ್ತರಾದವರು.

ಕಾರ್ತಿಕ
ಫಾರ್ವರ್ಡ್ ಆದ ಸಂದೇಶ: "ಸುಪ್ರೀಂ ಕೋರ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಗೆಲುವು. ಕೊಳಚೆ ನೀರನ್ನು ಸಮುದ್ರಕ್ಕೆ ಬಿಡಲು ಇನ್ನು ಯಾವ ಅಡ್ಡಿಯೂ ಇಲ್ಲ. ಅಮೆರಿಕದ ಶುದ್ಧ ಜಲ ಕಾಯ್ದೆ ಇದ್ದೂ ಇಲ್ಲದಂತಾಯಿತು."
ಪರಿಸರದ ವಿಷಯದಲ್ಲಿ ತಾನು ಉಳಿದವರಿಗೆ ಮೇಲ್ಪಂಕ್ತಿ ಎಂದು ಹೇಳಿಕೊಳ್ಳುವ ನಗರವೇ ಒಕ್ಕೂಟದ ಪರಿಸರ ಸಂರಕ್ಷಣಾ ಸಂಸ್ಥೆಯ ವಿರುದ್ಧ ಕೊನೆಯ ಮೆಟ್ಟಿಲಿನವರೆಗೂ ಹೋಗಿ ಗೆದ್ದಿದೆ. 2022ರ ಆಗಸ್ಟಿನಲ್ಲಿ ಇಲ್ಲಿ ಓಕ್ಲ್ಯಾಂಡಿನ, ಕೊಲ್ಲಿಗೆ ಕೂಡಿಕೊಂಡಿರುವ ಲೇಕ್ ಮೆರಿಟ್‌ನಲ್ಲಿ ತೇಲಿದ ಸತ್ತ ಮೀನುಗಳನ್ನು ಕಣ್ಣಾರೆ ಕಂಡ ನನಗೆ ಇದನ್ನು ಸಂಭ್ರಮಿಸಲು ಕಾರಣ ಕಾಣುವುದಿಲ್ಲ.

ಶ್ರೀನಿವಾಸ ಭಾವ
ಕಾರ್ತಿಕ, 2025ರ ಮಾರ್ಚ್ 4ರ ಆ ತೀರ್ಪನ್ನು ನಾನು ಓದಿದ್ದೇನೆ. ಈ ಸಂದೇಶ ಬರೆದವರು ಓದಿದಂತೆ ಕಾಣುವುದಿಲ್ಲ. ಐವರ ಬಹುಮತದ ಪರವಾಗಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಬರೆದ ತೀರ್ಪು ಕೊಳಚೆ ಬಿಡಲು ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ನಗರಕ್ಕೆ 2019ರಲ್ಲಿ ದೊರೆತ ಅನುಮತಿಪತ್ರದಲ್ಲಿ ಹತ್ತಾರು ನಿರ್ದಿಷ್ಟ ಷರತ್ತುಗಳ ಕೊನೆಗೆ, ನೀವು ಹೊರಬಿಡುವ ನೀರು ಸಮುದ್ರದ ಗುಣಮಟ್ಟದ ಮಾನಕ ಮುರಿಯುವುದಕ್ಕೆ ಕಾರಣವೂ ಆಗಕೂಡದು, ಅದಕ್ಕೆ ಪಾಲನ್ನೂ ಸೇರಿಸಕೂಡದು ಎಂಬ ಒಂದು ಸಾಮಾನ್ಯ ಷರತ್ತಿತ್ತು. ನ್ಯಾಯಾಲಯ ಅಸಿಂಧು ಎಂದಿದ್ದು ಈ ಬಗೆಯ ಷರತ್ತನ್ನು ಮಾತ್ರ. ಏನು ಮಾಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ನಿಯಂತ್ರಕರೇ ಲೆಕ್ಕ ಹಾಕಿ ಬರೆಯಬೇಕು. ಫಲಿತಾಂಶದ ಹೊಣೆಯನ್ನು ಅನುಮತಿ ಪಡೆದವರ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ.
ಇದಕ್ಕೊಂದು ಹಿನ್ನೆಲೆಯೂ ಇದೆ. 1948ರ ಹಳೆಯ ಕಾಯ್ದೆಯಲ್ಲಿ ನೀರು ಕೆಟ್ಟ ಮೇಲೆ, ಕೆಡಿಸಿದವರು ಯಾರೆಂದು ಹಿಂದಕ್ಕೆ ಹುಡುಕುತ್ತ ಹೋಗಬೇಕಾಗಿತ್ತು. ಹತ್ತು ಜನ ಒಂದೇ ಹೊಳೆಗೆ ಬಿಡುತ್ತಿದ್ದಲ್ಲಿ ಒಬ್ಬರ ತಪ್ಪನ್ನೂ ಸಾಬೀತುಪಡಿಸಲಾಗದೆ ಆ ಕಾಯ್ದೆ ಸೋತಿತು. 1972ರ ಕಾಯ್ದೆ ಅದನ್ನು ಕೈಬಿಟ್ಟು, ಪ್ರತಿಯೊಂದು ಕೊಳವೆಗೂ ಮುಂಚೆಯೇ ಮಿತಿ ಹಾಕುವ ದಾರಿ ಹಿಡಿಯಿತು. ಅನುಮತಿಪತ್ರವನ್ನು ಅಕ್ಷರಶಃ ಪಾಲಿಸಿದವರಿಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿತು. ಆ ಸಾಮಾನ್ಯ ಷರತ್ತು ಉಳಿದರೆ ಈ ರಕ್ಷಣೆಗೆ ಅರ್ಥವೇ ಇರುವುದಿಲ್ಲ.

ದೊಡ್ಡಪ್ಪ
ಅಳಿಯಂದಿರೇ, ಕಾನೂನಿನ ಇತಿಹಾಸವನ್ನು ನೀವು ಸರಿಯಾಗಿಯೇ ಹೇಳಿದ್ದೀರಿ. ಆದರೆ ನೀರಿನ ಬಳಿ ನಿಂತು ನೋಡಿದವನಿಗೆ ಅದು ಸಾಲದು. ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನಕದಂತೆ, ಹೊಳೆಗೆ ಬಿಡುವ ನೀರಿನ ಬಿಒಡಿ (ಅದರಲ್ಲಿನ ಕೊಳೆ ಕೊಳೆಯುವಾಗ ಹೀರುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ಸಮುದ್ರಕ್ಕಾದರೆ 100 ಮೀರಬಾರದು. ಒಂದು ಅಳಿವೆಯ ಸುತ್ತಲಿನ ಘಟಕಗಳ ಮಾದರಿಗಳನ್ನೆಲ್ಲ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರೆ ಒಂದೊಂದೂ ಮಿತಿಯೊಳಗೇ ಇರುತ್ತಿದ್ದವು. ಅಳಿವೆಯ ನೀರಿಗೆ ಮಾತ್ರ ಮೂಗು ಹಿಡಿದುಕೊಳ್ಳದೆ ಹತ್ತಿರ ಹೋಗುವಂತಿರಲಿಲ್ಲ. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಒಳಿತಿಗೆ ಮಾತ್ರ ಅನ್ವಯಿಸುವ ಗಾದೆಯಲ್ಲ. ಎಲ್ಲರ ಕಾಗದವೂ ಸರಿಯಾಗಿದ್ದು ನೀರು ಮಾತ್ರ ಸತ್ತಿರುವಾಗ ಅಧಿಕಾರಿಯ ಕೈಯಲ್ಲಿ ಉಳಿಯುವುದು ನೀವು ಹೇಳಿದ ಆ ಸಾಮಾನ್ಯ ಷರತ್ತೊಂದೇ. ನಾಲ್ವರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲವೆಂದು ಕೇಳಿದೆ.

ಶ್ರೀನಿವಾಸ ಭಾವ
ಹೌದು ದೊಡ್ಡಮಾವ. ಆ ನ್ಯಾಯಾಲಯದ ನಾಲ್ವರು ಮಹಿಳಾ ನ್ಯಾಯಮೂರ್ತಿಗಳೂ ಈ ಅಂಶದಲ್ಲಿ ಭಿನ್ನಮತ ಹೊಂದಿದ್ದರು. ಭಿನ್ನಮತವನ್ನು ಬರೆದವರು ಏಮಿ ಕೋನಿ ಬ್ಯಾರೆಟ್. ಮಾನಕಗಳನ್ನು ತಲುಪಲು ಬೇಕಾದ ಯಾವುದೇ ಹೆಚ್ಚಿನ ಮಿತಿಯನ್ನು ಹಾಕಬಹುದೆಂದು ಕಾಯ್ದೆಯ ಪಠ್ಯವೇ ಹೇಳುವಾಗ, ಇಲ್ಲದ ನಿರ್ಬಂಧವನ್ನು ನಾವೇಕೆ ಅದರೊಳಗೆ ಸೇರಿಸಬೇಕೆಂಬುದು ಅವರ ವಾದದ ತಿರುಳು. ಗೌರವಿಸಬೇಕಾದ ವಾದವೇ. ಆದರೂ ನಿಮ್ಮ ಅಳಿವೆಯನ್ನೇ ತೆಗೆದುಕೊಳ್ಳೋಣ. ಆ ಷರತ್ತನ್ನು ನೀವು ಯಾರ ಮೇಲೆ ಪ್ರಯೋಗಿಸುತ್ತಿದ್ದಿರಿ? ಎಲ್ಲರ ಮೇಲೂ ಎಂದರೆ ಯಾರ ಮೇಲೂ ಇಲ್ಲದಂತೆ. ಒಬ್ಬರ ಮೇಲೆ ಎಂದರೆ ಆ ಒಬ್ಬರೇ ಏಕೆಂಬ ಪ್ರಶ್ನೆ ಏಳುತ್ತದೆ. ಅಧಿಕಾರಿ ತಾನು ಮಾಡಬೇಕಾದ ಲೆಕ್ಕವನ್ನು ಮಾಡದೆ ಇರುವುದಕ್ಕೆ ಇಂಥ ಷರತ್ತು ನೆಪವಾಗುತ್ತದೆ ಎಂಬುದಷ್ಟೇ ನನ್ನ ಆಕ್ಷೇಪ.

ನಾನು
ಇಬ್ಬರೂ ಬೇರೆ ಬೇರೆ ನೀರಿನ ಬಗ್ಗೆ ಮಾತನಾಡುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತಿದೆ. ತೀರ್ಪಿಗೆ ಕಾರಣವಾದ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಓಷನ್‌ಸೈಡ್ ಸಂಸ್ಕರಣಾ ಘಟಕ ಕೊಲ್ಲಿಗೆ ನೀರು ಬಿಡುವುದೇ ಇಲ್ಲ; ಅದರ ಕೊಳವೆ ಪಶ್ಚಿಮಕ್ಕೆ, ರಾಜ್ಯದ ಗಡಿಯ ಆಚೆ, ಪೆಸಿಫಿಕ್ ಸಾಗರದಲ್ಲಿ ಕೊನೆಯಾಗುತ್ತದೆ. ಅದಕ್ಕಾಗಿಯೇ ಅದರ ಅನುಮತಿಯಲ್ಲಿ ಒಕ್ಕೂಟದ ಸಂಸ್ಥೆಯ ಕೈಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ವ್ಯವಸ್ಥೆಯಲ್ಲಿ ಮಳೆನೀರೂ ಮನೆಯ ಕೊಳಚೆಯೂ ಒಂದೇ ಕೊಳವೆಯಲ್ಲಿ ಹರಿಯುವುದರಿಂದ, ಜೋರು ಮಳೆ ಬಂದಾಗ ಘಟಕಕ್ಕೆ ಹಿಡಿಸಲಾರದಷ್ಟು ನೀರು ತೀರದಲ್ಲೇ ಹೊರಚೆಲ್ಲುತ್ತದೆ. 2024ರಲ್ಲಿ ಒಕ್ಕೂಟ ಮತ್ತು ಕ್ಯಾಲಿಫೋರ್ನಿಯಾ ಸರ್ಕಾರಗಳು ಸೇರಿ ನಗರದ ಮೇಲೆ ಹೂಡಿದ ಇನ್ನೊಂದು ದಾವೆಯಲ್ಲಿ, 2016ರಿಂದೀಚೆಗೆ ಹೀಗೆ ಹೊರಚೆಲ್ಲಿದ್ದು ಸರಾಸರಿ ವರ್ಷಕ್ಕೆ 180 ಕೋಟಿ ಗ್ಯಾಲನ್ ಎಂಬ ಆರೋಪವಿದೆ. ನಗರವನ್ನು ಸಂತ್ರಸ್ತನಂತೆ ಚಿತ್ರಿಸುವ ಅಗತ್ಯ ನನಗೆ ಕಾಣುವುದಿಲ್ಲ, ಭಾವ.
ಕಾರ್ತಿಕ ಕಂಡ ಮೀನುಗಳ ಕತೆ ಬೇರೆಯೇ. ಕೊಲ್ಲಿಗೆ 37 ಘಟಕಗಳು ಸಂಸ್ಕರಿಸಿದ ನೀರನ್ನು ಬಿಡುತ್ತವೆ. ಆ ನೀರಿನಲ್ಲಿ ಉಳಿದಿರುವ ಸಾರಜನಕ ಪಾಚಿಗೆ ಗೊಬ್ಬರ. ಅದರ ಬಹುಪಾಲು ಬರುವುದು ಯಾವುದೇ ಕಾರ್ಖಾನೆಯಿಂದಲ್ಲ, ನಮ್ಮೆಲ್ಲರ ಮನೆಯ ಶೌಚಾಲಯಗಳಿಂದ. ಹಲವು ದಶಕಗಳ ಕಾಲ ಇಷ್ಟೊಂದು ಸಾರಜನಕವಿದ್ದೂ ಕೊಲ್ಲಿಯಲ್ಲಿ ಪಾಚಿ ಉಕ್ಕಲಿಲ್ಲ, ಏಕೆಂದರೆ ನೀರು ಕದಡಿದ್ದರಿಂದ ಬೆಳಕು ಆಳಕ್ಕೆ ಇಳಿಯುತ್ತಿರಲಿಲ್ಲ. ಆ ಕದಡಿಗೆ ಒಂದು ಕಾರಣ, ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನಕ್ಕಾಗಿ ಸಿಯೆರಾ ಬೆಟ್ಟಗಳನ್ನು ನೀರಿನ ರಭಸದಿಂದ ಕೊರೆದಾಗ ಕೆಳಗೆ ಹರಿದು ಬಂದ ಹೂಳು. ಆ ಹೂಳು ಕಡಿಮೆಯಾಗುತ್ತ 1999ರ ಹೊತ್ತಿಗೆ ನೀರು ಗಮನಾರ್ಹವಾಗಿ ತಿಳಿಯಾಯಿತು. ತಿಳಿನೀರೇ ಅಪಾಯ ತಂದ ವಿಚಿತ್ರ ಸಂದರ್ಭವಿದು. 2022ರ ಬೇಸಿಗೆಯಲ್ಲಿ ಹೆಟೆರೊಸಿಗ್ಮಾ ಅಕಾಶಿವೊ ಎಂಬ ಪಾಚಿ ಹಬ್ಬಿ, ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಇಳಿದು, ದೊಡ್ಡ ಸ್ಟರ್ಜನ್ ಮೀನುಗಳೂ ಸತ್ತವು. 2023ರಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಬಂತು.
ಇಲ್ಲಿ ಯಾವ ಘಟಕವೂ ತನ್ನ ಮಿತಿ ಮೀರಬೇಕಾಗಿರಲಿಲ್ಲ. ದೊಡ್ಡಪ್ಪ ಹೇಳಿದ ಅಳಿವೆಯ ಸ್ಥಿತಿಯೇ. ಆದರೆ ಕೊಲ್ಲಿಗೆ ಅನುಮತಿ ಕೊಡುವ ಕ್ಯಾಲಿಫೋರ್ನಿಯಾದ ಪ್ರಾದೇಶಿಕ ಜಲ ಗುಣಮಟ್ಟ ಮಂಡಳಿ 2024ರ ಜುಲೈಯಲ್ಲಿ ಮಾಡಿದ್ದನ್ನು ನೋಡಿ. ಎಲ್ಲ ಘಟಕಗಳಿಗೂ ಅನ್ವಯಿಸುವ ಒಂದೇ ಅನುಮತಿಪತ್ರದಲ್ಲಿ, ಒಣ ಋತುವಿನಲ್ಲಿ ಕೊಲ್ಲಿಗೆ ಸೇರುವ ಸಾರಜನಕವನ್ನು 2034ರೊಳಗೆ ಒಟ್ಟಾರೆ ಶೇಕಡಾ 40ರಷ್ಟು ಇಳಿಸಬೇಕೆಂದು ವಿಧಿಸಿತು. ಮೊದಲು ಕೊಲ್ಲಿಗೆ ಎಷ್ಟು ತಾಳುತ್ತದೆಂಬ ಲೆಕ್ಕ, ಆಮೇಲೆ ಅದರಲ್ಲಿ ಪ್ರತಿ ಕೊಳವೆಯ ಪಾಲು. ಸುಪ್ರೀಂ ಕೋರ್ಟ್ ಕೇಳುವ ನಿರ್ದಿಷ್ಟ ಅಂಕಿ, ಆ ತೀರ್ಪಿಗೆ ಮುಂಚೆಯೇ ಇಲ್ಲಿ ಬಂದಿತ್ತು.

ಕಾರ್ತಿಕ
ಅಕ್ಕ, ಬಂದದ್ದು ಯಾವಾಗ ಎಂಬುದನ್ನೂ ಹೇಳು. ಸಾರಜನಕದ ಬಗ್ಗೆ ಇದೇ ಮಂಡಳಿ 2014ರಲ್ಲಿ ಮೊದಲ ಸಾಮೂಹಿಕ ಅನುಮತಿಪತ್ರ ಕೊಟ್ಟಿತು, 2019ರಲ್ಲಿ ಎರಡನೆಯದು. ಎರಡರಲ್ಲಿಯೂ ಅಳತೆ ಮಾಡಿ, ಅಧ್ಯಯನ ಮಾಡಿ, ವರದಿ ಕೊಡಿ ಎಂಬುದೇ ಮುಖ್ಯವಾಗಿತ್ತು. ಕಡ್ಡಾಯವಾಗಿ ಇಳಿಸುವ ಅಂಕಿ ಬಂದದ್ದು ಮೀನು ಸತ್ತ ಮೇಲೆ. ಅಂಕಿ ಬರುವವರೆಗೆ ಯಾರನ್ನೂ ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿದರೆ, ಆ ಹತ್ತು ವರ್ಷಗಳಲ್ಲಿ ಕೊಲ್ಲಿಯನ್ನು ಕಾಯುವವರು ಯಾರು?

ನಾನು
ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ನಿನಗೆ ಹಿಡಿಸಲಾರದು. ಉಪದ್ರವ ಕೊಡುವಷ್ಟು ಜಲಸಸ್ಯ ಬೆಳೆಯಲು ಕಾರಣವಾಗಕೂಡದೆಂಬ ಸಾಲು ಈ ಭಾಗದ ಅನುಮತಿಪತ್ರಗಳಲ್ಲಿ ಬಹಳ ಹಿಂದಿನಿಂದಲೂ ಇದೆ. 2022ರಲ್ಲೂ ಇತ್ತು. ಅದು ಏನನ್ನೂ ತಡೆಯಲಿಲ್ಲ, ಏಕೆಂದರೆ ಆ ಸಾಲನ್ನು ಓದಿ ಯಾವ ಘಟಕದ ಎಂಜಿನಿಯರಿಗೂ ಎಷ್ಟು ದೊಡ್ಡ ತೊಟ್ಟಿ ಕಟ್ಟಬೇಕೆಂದು ತಿಳಿಯುವುದಿಲ್ಲ, ಯಾವ ನಗರಸಭೆಯೂ ಅದನ್ನು ತೋರಿಸಿ ಸಾಲ ಎತ್ತಲಾಗುವುದಿಲ್ಲ. ಕೊಲ್ಲಿಗೆ ಹರಿದುಬರುವ ನದಿಯ ಮೇಲ್ಭಾಗದಲ್ಲಿರುವ ಸ್ಯಾಕ್ರಮೆಂಟೊ ನಗರದ ಘಟಕಕ್ಕೆ ಅಲ್ಲಿನ ಮಂಡಳಿ 2010ರಲ್ಲಿ, ಸಾರಜನಕದ್ದೇ ಒಂದು ರೂಪವಾದ ಅಮೋನಿಯಾದ ಕಟ್ಟುನಿಟ್ಟಿನ ಮಿತಿ ಹಾಕಿದಾಗ ದೊಡ್ಡ ಗಲಾಟೆಯೇ ಆಯಿತು. ಆದರೂ ನೂರು ಕೋಟಿ ಡಾಲರಿಗೂ ಮೀರಿದ ವೆಚ್ಚದಲ್ಲಿ ಹೊಸ ವ್ಯವಸ್ಥೆ ಕಟ್ಟಿ ಅಮೋನಿಯಾವನ್ನು ಬಹುತೇಕ ನಿಲ್ಲಿಸಿದರು. ಕೊಲ್ಲಿಯ ಮಂಡಳಿಯೂ ಅಂಥದ್ದೊಂದು ಅಂಕಿಯನ್ನು ಮುಂಚೆಯೇ ಬರೆಯಬಹುದಾಗಿತ್ತು ಎಂಬ ಅಸಮಾಧಾನ ನನಗೂ ಇದೆ.

ಕಾರ್ತಿಕ
ಹಾಗಿದ್ದರೆ ಕೊಲ್ಲಿಯ ದಕ್ಷಿಣ ತುದಿಯ ಸ್ಯಾನ್ ಹೋಸೆ ನಗರದ ಉದಾಹರಣೆಗೆ ಏನು ಹೇಳುತ್ತೀ? ಅಲ್ಲಿ ಘಟಕ ಬಿಡುತ್ತಿದ್ದ ನೀರು ಚೆನ್ನಾಗಿ ಸಂಸ್ಕರಿಸಿದ್ದೇ ಆಗಿದ್ದರೂ, ಸಿಹಿನೀರು ಅತಿಯಾಗಿ ಸೇರಿ ಉಪ್ಪು ಜೌಗು ಸಿಹಿನೀರಿನ ಜೌಗಾಗುತ್ತಿತ್ತು. ಆ ಜೌಗನ್ನೇ ನಂಬಿದ ಇಲಿ ಮತ್ತು ಹಕ್ಕಿ ನೆಲೆ ಕಳೆದುಕೊಳ್ಳುತ್ತಿದ್ದವು. ಶುದ್ಧ ನೀರೇ ಮಾಲಿನ್ಯವಾಗುತ್ತದೆಂದು ಯಾರು ಮುಂಚೆಯೇ ಪಟ್ಟಿಯಲ್ಲಿ ಬರೆದಿಡುತ್ತಾರೆ? ಒಟ್ಟಾರೆ ನೆಲೆ ಉಳಿಯಬೇಕೆಂಬ ದೊಡ್ಡ ಮಾನಕ ಇದ್ದುದರಿಂದಲೇ ಅದು ಕಣ್ಣಿಗೆ ಬಿತ್ತು.

ಶ್ರೀನಿವಾಸ ಭಾವ
ಅಲ್ಲಿ ಕೊನೆಗೆ ಮಾಡಿದ್ದೇನು?

ಕಾರ್ತಿಕ
ಒಣ ಋತುವಿನಲ್ಲಿ ದಿನಕ್ಕೆ 12 ಕೋಟಿ ಗ್ಯಾಲನ್ ಮೀರಬಾರದೆಂದರು. ಅದನ್ನು ಪಾಲಿಸಲು ನಗರ ಸಂಸ್ಕರಿಸಿದ ನೀರನ್ನು ತೋಟ, ಮೈದಾನ, ಕಾರ್ಖಾನೆಗಳಿಗೆ ಕೊಡುವ ಪ್ರತ್ಯೇಕ ಕೊಳವೆ ಜಾಲವನ್ನೇ ಹಾಕಿತು.

ಶ್ರೀನಿವಾಸ ಭಾವ
ಅಂದರೆ ಕೊನೆಗೆ ಬಂದದ್ದು ಅಂಕಿಯೇ. ದೊಡ್ಡ ಮಾನಕ ಬೇಡವೆಂದು ತೀರ್ಪು ಎಲ್ಲಿಯೂ ಹೇಳಿಲ್ಲ. ಆ ಮಾನಕವನ್ನು ಓದಿ ಅಂಕಿಯನ್ನು ಕಂಡುಹಿಡಿಯುವವರು ಯಾರಾಗಬೇಕು ಎಂಬುದನ್ನಷ್ಟೇ ಹೇಳಿದೆ.

ದೊಡ್ಡಮ್ಮ
ಇಷ್ಟೆಲ್ಲ ಆದ ಮೇಲೆ ದುಡ್ಡು ಯಾರು ಕೊಡುತ್ತಾರೆ ಎಂದು ಒಬ್ಬರೂ ಹೇಳಲಿಲ್ಲವಲ್ಲ.

ನಾನು
ನಾವೇ, ದೊಡ್ಡಮ್ಮ. ಸಾರಜನಕ ಇಳಿಸುವ ಕೆಲಸಕ್ಕೆ ಕೊಲ್ಲಿಯ ಘಟಕಗಳೆಲ್ಲ ಸೇರಿ ಸುಮಾರು 1,100 ಕೋಟಿ ಡಾಲರ್ ಬೇಕೆಂಬ ಅಂದಾಜಿದೆ. ಅದು ಮನೆ ಮನೆಯ ಒಳಚರಂಡಿ ಶುಲ್ಕದಲ್ಲಿ ಬರುತ್ತದೆ. ನಿಯಂತ್ರಿಸುವವರೂ ಸರ್ಕಾರಿ ಸಂಸ್ಥೆ, ನಿಯಂತ್ರಣಕ್ಕೆ ಒಳಪಟ್ಟವರೂ ಸರ್ಕಾರಿ ಸಂಸ್ಥೆ, ದಂಡ ಬಿದ್ದರೂ ತೆರುವವರು ಅದೇ ನಾಗರಿಕರು. ಕಾರ್ಖಾನೆಯ ಮಾಲೀಕನನ್ನು ಬೈದು ಮುಗಿಸುವ ಸುಖ ಇಲ್ಲಿ ಇಲ್ಲ. ಖರ್ಚು ತಗ್ಗಿಸುವ ದಾರಿಗಳನ್ನೂ ಹುಡುಕುತ್ತಿದ್ದಾರೆ: ಕೊಲ್ಲಿಯ ಪೂರ್ವ ದಡದ ಓರೊ ಲೋಮಾ ಘಟಕದಲ್ಲಿ ಇಳಿಜಾರಾದ ಅಗಲ ಏರಿಯೊಂದನ್ನು ಕಟ್ಟಿ, ಸಂಸ್ಕರಿಸಿದ ನೀರನ್ನು ಅದರ ಮಣ್ಣಿನೊಳಗೆ, ಗಿಡಗಳ ಬೇರುಗಳ ನಡುವೆ ಹರಿಸಿ ಸಾರಜನಕ ತೆಗೆಯುವ ಪ್ರಯೋಗ ಚೆನ್ನಾಗಿಯೇ ನಡೆದಿದೆ. ಆದರೆ ಅದಕ್ಕೆ ಬೇಕಾದಷ್ಟು ಜಾಗ ಎಲ್ಲ ಘಟಕಗಳ ಪಕ್ಕದಲ್ಲಿಯೂ ಇಲ್ಲ.

ದೊಡ್ಡಪ್ಪ
ರೇಖಾ, ಶೇಕಡಾ 40 ಎಂಬ ಅಂಕಿ ಎಲ್ಲಿಂದ ಬಂತು? ಕೊಲ್ಲಿಗೆ ಇಷ್ಟು ತಾಳುತ್ತದೆ ಎಂದು ಹೇಳಲು ಕೊಲ್ಲಿಯನ್ನು ಯಾರೋ ಅಳೆದಿರಬೇಕಲ್ಲ?

ನಾನು
ಅಳೆದಿದ್ದಾರೆ, ದೊಡ್ಡಪ್ಪ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ದೋಣಿ 1969ರಿಂದಲೂ ಕೊಲ್ಲಿಯ ಉದ್ದಕ್ಕೂ ಹೋಗಿ ಉಪ್ಪು, ಕದಡು, ಆಮ್ಲಜನಕ, ಪಾಚಿ ಎಲ್ಲವನ್ನೂ ಅಳೆಯುತ್ತ ಬಂದಿದೆ. 1993ರಿಂದ ಪ್ರಾದೇಶಿಕ ಮೇಲ್ವಿಚಾರಣಾ ಕಾರ್ಯಕ್ರಮವೂ ಇದೆ. ಅದರ ಖರ್ಚನ್ನು ನೀರು ಬಿಡುವ ಘಟಕಗಳೇ ಭರಿಸುತ್ತವೆ, ಅಳೆಯುವ ಕೆಲಸ ಮಾತ್ರ ಬೇರೊಂದು ವೈಜ್ಞಾನಿಕ ಸಂಸ್ಥೆಯದು. ಈ ದಾಖಲೆ ಇಲ್ಲದಿದ್ದರೆ ಒಟ್ಟು ಮಿತಿಯನ್ನು ಯಾವ ಮಂಡಳಿಯೂ ಧೈರ್ಯವಾಗಿ ಬರೆಯುತ್ತಿರಲಿಲ್ಲ.

ದೊಡ್ಡಪ್ಪ
ನಾನು ಹೇಳಬೇಕೆಂದಿದ್ದದ್ದು ಅದನ್ನೇ. ಐವತ್ತು ವರ್ಷಗಳ ಅಳತೆ ಕೈಯಲ್ಲಿರುವವರು ಅಂಕಿ ಬರೆಯಲಿ, ಸಾಮಾನ್ಯ ಷರತ್ತನ್ನು ಬಿಟ್ಟುಕೊಡಲಿ. ನಮ್ಮ ಕರಾವಳಿಯ ಎಷ್ಟೋ ಅಳಿವೆಗಳಿಗೆ ಅಂಥ ದಾಖಲೆಯೇ ಇಲ್ಲದಿರುವಾಗ, ಅಂಕಿ ಬರುವವರೆಗೆ 1974ರ ಜಲ ಕಾಯ್ದೆಯ 24ನೇ ಕಲಮಿನ ಸಾಮಾನ್ಯ ನಿಷೇಧವನ್ನು ಸಡಿಲಿಸಲು ನಾನಂತೂ ಒಪ್ಪುವುದಿಲ್ಲ.

ಶ್ರೀನಿವಾಸ ಭಾವ
ದೊಡ್ಡಮಾವ, 24ನೇ ಕಲಮನ್ನು ಪೂರ್ತಿ ಓದಿ. ಯಾವುದು ಮಾಲಿನ್ಯಕಾರಕ ಎಂಬುದು ರಾಜ್ಯ ಮಂಡಳಿ ನಿಗದಿಪಡಿಸಿದ ಮಾನಕಗಳಂತೆ ನಿರ್ಧಾರವಾಗಬೇಕೆಂದು ಅಲ್ಲಿಯೇ ಇದೆ. ಅಲ್ಲಿಯೂ ಮೊದಲು ಬರೆಯಬೇಕಾದವರು ನಿಯಂತ್ರಕರೇ.

ದೊಡ್ಡಪ್ಪ
ನೀವು 17ನೇ ಕಲಮನ್ನೂ ಜೊತೆಗಿಟ್ಟುಕೊಂಡು ಓದಿ, ಅಳಿಯಂದಿರೇ. ಹೊರಬಿಡುವ ನೀರಿಗೆ ಮಾತ್ರವಲ್ಲ, ಅದು ಹೋಗಿ ಸೇರುವ ನೀರಿನ ಗುಣಮಟ್ಟಕ್ಕೂ ಮಾನಕ ಹಾಕುವ ಅಧಿಕಾರವನ್ನು ಆ ಕಲಮು ರಾಜ್ಯ ಮಂಡಳಿಗೆ ಕೊಟ್ಟಿದೆ. ಆ ಮಾನಕವನ್ನು ಅಳಿವೆಗೇ ಹಾಕಿ, ಅಳಿವೆಯನ್ನೇ ಅಳೆಯಲಿ. ಅದರ ಖರ್ಚನ್ನು ರೇಖಾಳ ಊರಿನಂತೆ ನೀರು ಬಿಡುವವರಿಂದಲೇ ವಸೂಲು ಮಾಡಲಿ. ಆಮೇಲೆ ಒಂದೊಂದು ಕೊಳವೆಯ ಪಾಲು ಎಷ್ಟೆಂದು ನೀವು ನ್ಯಾಯಾಲಯದಲ್ಲಿ ವಾದಿಸುವಿರಂತೆ.