ಯೂಬಿಕ್ವಿಟಿನ್ ಲೈಗೇಶನ್ ಮೂರು ಸಲ ಕೈಕೊಟ್ಟಿದೆ, ಯಾರಾದ್ರೂ ದಾರಿ ತೋರಿಸಿ

ಸಿಸ್ಟೀನ್‌ಸಂಕಟ (ಸೋಮವಾರ, ರಾತ್ರಿ 11:40)

ನಮಸ್ಕಾರ. ಎರಡು ತಿಂಗಳ ಕೆಲಸ ನೀರಲ್ಲಿ ಹೋಮ ಆಗ್ತಾ ಇದೆ. ಯೂಬಿಕ್ವಿಟಿನ್ ಅನ್ನೋ 76 ಅಮಿನೋ ಆಮ್ಲದ ಪ್ರೋಟೀನನ್ನು ಎರಡು ಪೆಪ್ಟೈಡ್ ತುಂಡಾಗಿ ಮಾಡಿ, ಒಂದರ ಕೊನೆಯ ಥಯೋಎಸ್ಟರ್ ಗುಂಪಿಗೆ ಇನ್ನೊಂದರ ಮೊದಲ ಸಿಸ್ಟೀನ್ ಬೆಸೆಯೋ ನೇಟಿವ್ ಕೆಮಿಕಲ್ ಲೈಗೇಶನ್‌ನಲ್ಲಿ ಜೋಡಿಸಬೇಕು. ಹೈಡ್ರಜೈಡ್ ವಿಧಾನ (ಹೈಡ್ರಜೈಡ್ ತುದಿಯನ್ನೇ ಥಯೋಎಸ್ಟರ್ ಮಾಡ್ಕೊಳ್ಳೋದು), ಎಲ್ಲ ಮಾಮೂಲಿ ಕಂಡಿಶನ್ನೇ. ಪೆಪ್ಟೈಡ್ ಎರಡೂ ಪ್ಯೂರ್, ಮಾಸ್ ಓಕೆ. 24 ಗಂಟೆ ಬಿಟ್ಟರೂ ಪ್ರಾಡಕ್ಟ್ ಪೀಕ್ ಸೊನ್ನೆ. ಮೂರೂ ಸಲ ಇದೇ ಕಥೆ. ಗೈಡ್ ಪ್ರತಿ ಸೋಮವಾರ ಬಂದು "ಏನಾಯ್ತು?" ಅಂತಾರೆ, ನಾನು ಫ್ರಿಜ್ ಬಾಗಿಲು ತೆಗೆದು ಏನೋ ಹುಡುಕೋ ಥರ ನಿಲ್ತೀನಿ. ತಪ್ಪು ಎಲ್ಲಿರಬಹುದು?

ಬಫರ್‌ಭಟ್ಟ (ಮಂಗಳವಾರ, ಬೆಳಿಗ್ಗೆ 7:05)

ಪಿಎಚ್. ಬೇರೇನೂ ಅಲ್ಲ. ಥಯೋಎಸ್ಟರ್ ಮಾಡೋಕೆ ಹಾಕೋ ಥಯಾಲ್ (ಸಲ್ಫರ್-ಹೈಡ್ರೋಜನ್ ಗುಂಪಿರೋದು) ಎಂಪಿಎಎ, ಅದೇ ಒಂದು ಆಸಿಡ್. 200 ಮಿಲಿಮೋಲಾರ್ ಸುರಿದ ಕೂಡಲೇ ನಿಮ್ಮ 7 ಸೀದಾ ಕೆಳಗಿಳಿದಿರುತ್ತೆ. ಎಲ್ಲ ಹಾಕಿದ ಮೇಲೆ ಪಿಎಚ್ ನೋಡಿದ್ರಾ? ನೋಡಿರಲ್ಲ. ಹತ್ತರಲ್ಲಿ ಒಂಬತ್ತು ಜನ ನೋಡಲ್ಲ.

ಧಾರವಾಡ_ರೆಸಿನ್ (ಮಂಗಳವಾರ, ಬೆಳಿಗ್ಗೆ 8:22)

"ಮಾಮೂಲಿ ಕಂಡಿಶನ್" ಅಂದ್ರ ಯಾರ ಮನಿ ಮಾಮೂಲಿ ಅದು? ಸೀಕ್ವೆನ್ಸ್ ಬರೀರಿ, ಎಲ್ಲಿ ಕಟ್ ಮಾಡೀರಿ ಬರೀರಿ. ಜೋಡಣಿ ಜಾಗಾದಾಗ ವ್ಯಾಲಿನ್ ಅಥವಾ ಐಸೋಲ್ಯೂಸಿನ್ ಥಯೋಎಸ್ಟರ್ ಇದ್ರ 24 ತಾಸು ಸಾಲೂದಿಲ್ಲ, ನಿಧಾನ ಆಗ್ತದ. ಪ್ರೋಲಿನ್ ಇದ್ರಂತೂ ದೇವರ ಗತಿ.

ಸಿಸ್ಟೀನ್‌ಸಂಕಟ (ಮಂಗಳವಾರ, ಮಧ್ಯಾಹ್ನ 1:15)

ಸಾರಿ, ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ. 1-45 ಹೈಡ್ರಜೈಡ್, 46-76 ಸಿಸ್ಟೀನ್ ಪೆಪ್ಟೈಡ್. 46ರ ಅಲನಿನ್ ಜಾಗದಲ್ಲಿ ಸಿಸ್ಟೀನ್ ಹಾಕಿದ್ದೀನಿ, ಕೊನೆಗೆ ಡಿಸಲ್ಫರೈಸ್ ಮಾಡಿದರೆ (ಸಲ್ಫರ್ ಕಿತ್ತರೆ) ಅಲನಿನ್ ವಾಪಸ್ ಬರುತ್ತೆ. ಥಯೋಎಸ್ಟರ್ ಕಡೆ ಇರೋದು ಫಿನೈಲ್ ಅಲನಿನ್, ಅದು ನಿಧಾನದ ಗಿರಾಕಿ ಅಲ್ಲ.

ಪೆಪ್ಟೈಡ್ ಕರಗಿಸೋಕೆ 6 ಮೋಲಾರ್ ಗ್ವಾನಿಡೀನ್, 0.2 ಮೋಲಾರ್ ಫಾಸ್ಫೇಟ್. ಪಿಎಚ್ 3ರಲ್ಲಿ ಐಸ್-ಉಪ್ಪಿನ ಬಾತ್, ಮೈನಸ್ 15 ಡಿಗ್ರಿ, 10 ಈಕ್ವಿವಲೆಂಟ್ ಸೋಡಿಯಂ ನೈಟ್ರೈಟ್, 20 ನಿಮಿಷ. ಆಮೇಲೆ ಎಂಪಿಎಎ, ಅದಾದ ಮೇಲೆ ಸಿಸ್ಟೀನ್ ಪೆಪ್ಟೈಡ್, ಪಿಎಚ್ 6.8ಕ್ಕೆ ತಂದು ಟಿಸೆಪ್ (ರೆಡ್ಯೂಸಿಂಗ್ ಏಜೆಂಟ್). ಪೆಪ್ಟೈಡ್ 2 ಮಿಲಿಮೋಲಾರ್. ಭಟ್ರೇ, ಪಿಎಚ್ ಕೊನೆಗೇ ನೋಡಿದ್ದು.

ಬಫರ್‌ಭಟ್ಟ (ಮಂಗಳವಾರ, ಮಧ್ಯಾಹ್ನ 1:31)

ಪೇಪರ್‌ನಲ್ಲೋ ಮೀಟರ್‌ನಲ್ಲೋ?

ಸಿಸ್ಟೀನ್‌ಸಂಕಟ (ಮಂಗಳವಾರ, ಮಧ್ಯಾಹ್ನ 1:40)

ಪೇಪರ್. ಇರೋದೇ 300 ಮೈಕ್ರೋಲೀಟರ್, ನಮ್ಮ ಮೀಟರ್ ಕಡ್ಡಿ ಹೆಬ್ಬೆರಳು ಗಾತ್ರ ಇದೆ.

ಬಫರ್‌ಭಟ್ಟ (ಮಂಗಳವಾರ, ಮಧ್ಯಾಹ್ನ 1:44)

ಸಿಕ್ಕಿಬಿತ್ತು ನೋಡಿ! ಪೇಪರ್ ನಂಬಿ ಲೈಗೇಶನ್ ಮಾಡೋದು ಅಂದ್ರೆ ಪಂಚಾಂಗ ನೋಡಿ ಮಳೆಗೆ ಕೊಡೆ ಹಿಡಿದ ಹಾಗೆ. ಸಪೂರ ಕಡ್ಡಿಯ ಮೈಕ್ರೋ ಎಲೆಕ್ಟ್ರೋಡ್ ತಗೊಳ್ಳಿ. ನಮ್ಮ ಲ್ಯಾಬಿನಲ್ಲಿ ಎರಡಿವೆ, 50 ಮೈಕ್ರೋಲೀಟರ್‌ನಲ್ಲೂ ಅಳೆಯುತ್ತೆ.

ಕುಡ್ಲದ_ಕಾಲಮ್ (ಮಂಗಳವಾರ, ಸಂಜೆ 4:10)

ಎಂತ ಭಟ್ರೇ, ನೀವು ಎಲ್ಲ ಥ್ರೆಡ್‌ಗೂ ಬಂದು ಪಿಎಚ್ ಹೇಳ್ತೀರಿ. ಗ್ವಾನಿಡೀನ್ 6 ಮೋಲಾರ್ ಇದ್ದರೆ ನಿಮ್ಮ ಮೀಟರೂ ಸರಿ ಹೇಳುವುದಿಲ್ಲ, ಗೊತ್ತುಂಟಾ? ನಾನು ಹತ್ತು ವರ್ಷದಿಂದ ಪೇಪರಲ್ಲೇ ಮಾಡಿದ್ದು, ನನಗೆ ಆಗಿದೆ. 6.5 ಇದ್ದರೂ ಲೈಗೇಶನ್ ನಿಧಾನ ಆಗಬಹುದು, ಸೊನ್ನೆ ಆಗುವುದಿಲ್ಲ ಮಾರಾಯ್ರೆ.

ಬಫರ್‌ಭಟ್ಟ (ಮಂಗಳವಾರ, ಸಂಜೆ 4:25)

ಹತ್ತು ವರ್ಷ ತಪ್ಪು ಮಾಡಿದ್ರೆ ಅದಕ್ಕೆ ಅನುಭವ ಅಂತ ಹೆಸರಿಡೋಕಾಗಲ್ಲ. ಗ್ವಾನಿಡೀನ್‌ನಲ್ಲಿ ಮೀಟರ್ ಎಷ್ಟು ತಪ್ಪು ತೋರಿಸುತ್ತೆ, ನಿಮ್ಮ ಪೇಪರ್ ಎಷ್ಟು ತೋರಿಸುತ್ತೆ, ಹೋಲಿಸಿ ನೋಡಿ ಆಮೇಲೆ ಮಾತಾಡೋಣ.

ಧಾರವಾಡ_ರೆಸಿನ್ (ಮಂಗಳವಾರ, ಸಂಜೆ 5:02)

ಇವರ ಜಗಳ ಮುಗಿಯೂದಿಲ್ಲ. ತಮ್ಮಾ, 52-53 ನೋಡಿದ್ಯೇನು? ಆಸ್ಪಾರ್ಟಿಕ್ ಆಮ್ಲದ ಮುಂದ ಗ್ಲೈಸಿನ್. ಆಸ್ಪಾರ್ಟಿಮೈಡ್ ಆಗೂ ಹೆಸರುವಾಸಿ ಜಾಗಾ ಅದು. ಎಫ್‌ಮಾಕ್ ಅನ್ನೂ ರಕ್ಷಣಾ ಗುಂಪು ತಗಿಯೂ ಮುಂದ ಪಿಪೆರಿಡೀನ್ ಬಿದ್ದಾಗೆಲ್ಲ ನೀರ ಕಳಕೊಂಡು ಉಂಗುರ ಆಗ್ತದ, ಮಾಸ್ 18 ಕಡಿಮಿ ಬರ್ತದ. ಅದನ್ನ ತಡಿಯಾಕ ನಾವು ಅಲ್ಲಿ ಡಿಎಂಬಿ ಗುಂಪು ಹಚ್ಚಿದ ಗ್ಲೈಸಿನ್ ಹಾಕ್ತೇವಿ. ನಮ್ಮಲ್ಲಿ ಹೋದ ವರ್ಷ ಮೈಕ್ರೋವೇವ್ ಸಿಂಥಸೈಜರ್ ಬಂದದ, ಒಂದ ಅಮಿನೋ ಆಮ್ಲಕ್ಕ ನಾಕ ನಿಮಿಷ. ಮುಂಜಾನೆ ಹಚ್ಚಿ ಊಟಕ್ಕ ಹೋಗಿ ಬಂದ್ರ 31 ರೆಸಿಡ್ಯೂ ರೆಡಿ. ಮೊದಲ ಕೈಲೆ ಅಲುಗಾಡಿಸ್ತಿದ್ವಿ, ಒಂದ ಕಪ್ಲಿಂಗ್‌ಗ ಒಂದ ತಾಸು.

ಕುಡ್ಲದ_ಕಾಲಮ್ (ಮಂಗಳವಾರ, ಸಂಜೆ 5:20)

ಮೈಕ್ರೋವೇವ್ ಬಿಸಿಗೆ ಅದೇ ಆಸ್ಪಾರ್ಟಿಮೈಡ್ ಇನ್ನೂ ಜಾಸ್ತಿ ಆಗುವುದಲ್ವಾ ನಿಮಗೆ? ಊಟಕ್ಕೆ ಹೋಗಿ ಬಂದರೆ 31 ರೆಸಿಡ್ಯೂ ಸಿಕ್ಕೀತು, ಅದರಲ್ಲಿ ಎಷ್ಟು ಭಾಗ ಸರಿಯಾದದ್ದು ಅಂತ ಸಹ ಹೇಳಿ.

ಧಾರವಾಡ_ರೆಸಿನ್ (ಮಂಗಳವಾರ, ಸಂಜೆ 5:33)

ಅದಕ್ಕಂತ ಡಿಎಂಬಿ ಅಂತ ಹೇಳಿದ್ನಲ್ರೀ. ಓದ್ರಿ ಮೊದಲ.

ಎಂಎಸ್_ಮಾಲಾ (ಮಂಗಳವಾರ, ರಾತ್ರಿ 9:48)

ಆಸ್ಪಾರ್ಟಿಮೈಡ್ ಆಗಿದ್ದರೂ ಲೈಗೇಶನ್ ನಿಲ್ಲಲ್ಲ, ತಪ್ಪು ಪ್ರಾಡಕ್ಟ್ ಬರ್ತಿತ್ತು ಅಷ್ಟೇ. ಪೋಸ್ಟ್ ಹಾಕಿದವರು ಮುಖ್ಯವಾದ್ದು ಇನ್ನೂ ಹೇಳಿಲ್ಲ. 24 ಗಂಟೆಯ, ಕಾಲಮ್ಮಿನಲ್ಲಿ ಬೇರ್ಪಡಿಸಿ ನೋಡೋ ಎಚ್‌ಪಿಎಲ್‌ಸಿಯಲ್ಲಿ ಏನೇನು ಪೀಕ್ ಇದೆ? ಎಂಪಿಎಎ ಥಯೋಎಸ್ಟರ್ ಆಗಿದೆಯಾ? ಸಿಸ್ಟೀನ್ ಪೆಪ್ಟೈಡ್ ಎಲ್ಲಿ ಹೋಯ್ತು? ಮತ್ತೆ ದಯವಿಟ್ಟು "ಮಾಸ್ ಓಕೆ" ಅಂತ ಬರೀಬೇಡಿ, ನಂಬರ್ ಬರೀರಿ.

ಸಿಸ್ಟೀನ್‌ಸಂಕಟ (ಬುಧವಾರ, ಬೆಳಿಗ್ಗೆ 10:12)

ಮೇಡಂ, ಥಯೋಎಸ್ಟರ್ ಅರ್ಧ ಗಂಟೆಯಲ್ಲೇ ಪೂರ್ತಿ ಆಗಿದೆ. 24 ಗಂಟೆಗೆ ಅದರಲ್ಲಿ ಸ್ವಲ್ಪ ಹೈಡ್ರಾಲಿಸಿಸ್ ಆಗಿ ಆಸಿಡ್ ಬಂದಿದೆ. ಸಿಸ್ಟೀನ್ ಪೆಪ್ಟೈಡ್ ಪೀಕ್ ಹಾಗ್ಹಾಗೇ ನಿಂತಿದೆ, ಒಂದು ಚೂರೂ ಕಡಿಮೆ ಆಗಿಲ್ಲ.

ಸಿಸ್ಟೀನ್ ಪೆಪ್ಟೈಡ್ ಮಾಸ್: 886.3 ಮತ್ತು 709.2. ಲೆಕ್ಕಕ್ಕಿಂತ 40 ಜಾಸ್ತಿ, ಅಂದ್ರೆ ಪೊಟ್ಯಾಸಿಯಂ ಹತ್ತಿಕೊಂಡಿದೆ. ನಮ್ಮ ಮೆಷಿನ್ ಹಳೇದು, ಒಂದೆರಡು ಆಚೀಚೆ ತೋರಿಸುತ್ತೆ. ಅದಕ್ಕೇ ಓಕೆ ಅಂದಿದ್ದು.

ಬಫರ್‌ಭಟ್ಟ (ಬುಧವಾರ, ಬೆಳಿಗ್ಗೆ 10:20)

ಥಯೋಎಸ್ಟರ್ ಹೈಡ್ರಾಲಿಸಿಸ್ ಆಗಿದೆ ಅಂದ್ರೆ ಪಿಎಚ್ ಜಾಸ್ತಿ ಆಗಿದೆ. ನಾನು ಹೇಳಿದ್ದೇ ಅದು.

ಕುಡ್ಲದ_ಕಾಲಮ್ (ಬುಧವಾರ, ಬೆಳಿಗ್ಗೆ 10:26)

ನಿನ್ನೆ ಕಡಿಮೆ ಆಗಿದೆ ಅಂತ ಹೇಳಿದ್ದು ನೀವೇ!

ಎಂಎಸ್_ಮಾಲಾ (ಬುಧವಾರ, ಬೆಳಿಗ್ಗೆ 11:03)

ಅದು ಪೊಟ್ಯಾಸಿಯಂ ಅಲ್ಲ.

46-76, ಸಿಸ್ಟೀನ್ ಸೇರಿ, ಸರಾಸರಿ ಮಾಸ್ 3501. ನಾಲ್ಕು ಪ್ರೋಟಾನ್ ಹತ್ತಿದ 4+ ಪೀಕ್ (ನಾಲ್ಕರಿಂದ ಭಾಗಿಸಿ) 876.3ಕ್ಕೆ, ಐದು ಹತ್ತಿದ 5+ ಪೀಕ್ (ಐದರಿಂದ ಭಾಗಿಸಿ) 701.2ಕ್ಕೆ ಬರಬೇಕು. ನಿಮಗೆ 4+ನಲ್ಲಿ 10, 5+ನಲ್ಲಿ 8 ಏರಿದೆ, ಎರಡೂ ಗುಣಿಸಿದರೆ 40. ಪೊಟ್ಯಾಸಿಯಂ ಒಂದು ಪ್ರೋಟಾನ್ ಜಾಗದಲ್ಲಿ ಕೂತರೆ ಏರೋದು 38, 4+ ಪೀಕ್ 885.8ಕ್ಕೆ ಬರಬೇಕಿತ್ತು. ಅರ್ಧ ಪಾಯಿಂಟ್ ವ್ಯತ್ಯಾಸ ಮೆಷಿನ್ ಮೇಲೆ ಹಾಕೋಣ ಅಂದರೂ ಇನ್ನೊಂದು ಪ್ರಶ್ನೆ ಉಳಿಯುತ್ತೆ. ಪೊಟ್ಯಾಸಿಯಂ ಹತ್ತದೇ ಇರೋ 876.3 ಪೀಕ್ ಎಲ್ಲಿ? ಲವಣ ಹತ್ತಿದಾಗ ಬರಿಯ ಪೀಕೂ ಪಕ್ಕದಲ್ಲೇ ಇರುತ್ತೆ, ಸಾಮಾನ್ಯವಾಗಿ ಅದೇ ದೊಡ್ಡದು. ನಿಮ್ಮಲ್ಲಿ ಅದು ಇಲ್ಲವೇ ಇಲ್ಲ, ಅಲ್ವಾ?

ನನ್ನ ಅನುಮಾನ ಅಸಿಟೋನ್ ಮೇಲೆ. ತುದಿಯ ಸಿಸ್ಟೀನ್‌ನ ಸಲ್ಫರ್ ಮತ್ತು ನೈಟ್ರೋಜನ್ ಎರಡೂ ಸೇರಿ ಅಸಿಟೋನನ್ನು ತಬ್ಬಿಕೊಂಡು ಐದರ ಉಂಗುರ, ಥಯಾಜೊಲಿಡಿನ್, ಮಾಡಿಕೊಳ್ಳುತ್ತವೆ. ಅಸಿಟೋನ್ 58, ಒಂದು ನೀರು 18 ಹೋದರೆ 40. ಥಯೋಎಸ್ಟರ್ ಮೇಲೆ ದಾಳಿ ಮಾಡಬೇಕಾದ ಥಯಾಲೂ ಬಂದ್, ಆಮೇಲೆ ಅಮೈಡ್ ಆಗಬೇಕಾದ ಅಮೀನೂ ಬಂದ್. ಲೈಗೇಶನ್ ಆಗೋದಾದರೂ ಹೇಗೆ? ಫಾರ್ಮಾಲ್ಡಿಹೈಡ್ ಆಗಿದ್ದರೆ 12 ಏರ್ತಿತ್ತು.

ಎಲ್ಲಿಂದ ಬಂತು ಅಂತ ನೀವೇ ಹೇಳಬೇಕು.

ಧಾರವಾಡ_ರೆಸಿನ್ (ಬುಧವಾರ, ಬೆಳಿಗ್ಗೆ 11:30)

ಎರಡ ಸಿಸ್ಟೀನ್ ಸಲ್ಫರ್ ಕೂಡಿ ಡೈಸಲ್ಫೈಡ್ ಆಗಿ ಕುಂತಿರಬಹುದಲ್ಲ? ಅದೂ ಹಿಂಗ ಸುಮ್ನ ಇರ್ತದ.

ಎಂಎಸ್_ಮಾಲಾ (ಬುಧವಾರ, ಬೆಳಿಗ್ಗೆ 11:41)

ಎರಡು ಪೆಪ್ಟೈಡ್ ಸೇರಿದ್ರೆ 7000 ದಾಟುತ್ತೆ ಸರ್. ಮತ್ತೆ ಟಿಸೆಪ್ ಇದೆ, ಬಿಚ್ಚಿ ಬಿಡುತ್ತೆ.

ಸಿಸ್ಟೀನ್‌ಸಂಕಟ (ಬುಧವಾರ, ಮಧ್ಯಾಹ್ನ 2:55)

ಅಸಿಟೋನ್ ಯಾವ ರಿಯಾಕ್ಷನ್‌ಗೂ ಹಾಕಿಲ್ಲ ಮೇಡಂ. ಕ್ರೂಡ್‌ನಲ್ಲಿ 876 ಇತ್ತು, ಈಗ ಹಳೇ ಫೈಲ್ ತೆಗೆದು ನೋಡಿದೆ. ಪ್ಯೂರಿಫಿಕೇಶನ್ ಆದ ಮೇಲೆ ಹೊಸ ಪೀಕ್ ಅರ್ಧ ನಿಮಿಷ ತಡವಾಗಿ ಬರ್ತಿದೆ. ಕಾಲಮ್ ಹಳತಾಗಿದೆ ಅಂದ್ಕೊಂಡಿದ್ದೆ.

ಕುಡ್ಲದ_ಕಾಲಮ್ (ಬುಧವಾರ, ಮಧ್ಯಾಹ್ನ 3:10)

ಫ್ರ್ಯಾಕ್ಷನ್ ಹಿಡಿಯುವ ಟ್ಯೂಬ್ ಯಾರು ತೊಳೆಯುವುದು? ಎಂತದರಲ್ಲಿ ತೊಳೆಯುವುದು?

ಸಿಸ್ಟೀನ್‌ಸಂಕಟ (ಬುಧವಾರ, ಮಧ್ಯಾಹ್ನ 3:18)

ಅಯ್ಯೋ.

ಸೋಪು, ನೀರು, ಕೊನೆಗೆ ಅಸಿಟೋನ್. ಬೇಗ ಒಣಗಲಿ ಅಂತ. ಎಲ್ಲರೂ ಹಾಗೇ ತೊಳೆಯೋದು ಅಲ್ವಾ? ಅದಲ್ಲದೆ ಹೆಪ್ಪುಗಟ್ಟಿದ್ದನ್ನು ಒಣಗಿಸೋ ಲಯೋಫಿಲೈಸರ್‌ಗೆ ಹಾಕೋ ಮುಂಚೆ ಫ್ಲಾಸ್ಕನ್ನು ಡ್ರೈ ಐಸ್-ಅಸಿಟೋನ್‌ನಲ್ಲಿ ತಿರುಗಿಸಿ ಹೆಪ್ಪುಗಟ್ಟಿಸ್ತೀವಿ. ಫ್ರ್ಯಾಕ್ಷನ್‌ಗಳು ಒಂದು ರಾತ್ರಿ ಅದೇ ಟ್ಯೂಬ್‌ನಲ್ಲಿ ಇದ್ದವು.

ಆದ್ರೆ ಟ್ಯೂಬ್‌ನಲ್ಲಿ ಉಳಿಯೋದು ಎಷ್ಟು ಅಂತ? ಒಂದು ಹನಿನೂ ಇರಲ್ಲ.

ಎಂಎಸ್_ಮಾಲಾ (ಬುಧವಾರ, ಸಂಜೆ 6:30)

ಲೆಕ್ಕ ಹಾಕಿ. ಪೆಪ್ಟೈಡ್ ಎಷ್ಟಿತ್ತು, 20 ಮಿಲಿಗ್ರಾಂ? ಅಂದರೆ 5.7 ಮೈಕ್ರೋಮೋಲ್. ಅಷ್ಟೇ ಮೋಲ್ ಅಸಿಟೋನ್ ಅಂದರೆ 0.42 ಮೈಕ್ರೋಲೀಟರ್. ಒಂದು ಹನಿಯ ನೂರನೇ ಒಂದು ಭಾಗ. ನೀರು ಹಾರಿ ಸಾಂದ್ರವಾಗ್ತಾ ಹೋದ ಹಾಗೆ ಉಂಗುರ ಕೂಡೋದೂ ಸುಲಭ.

ಖಚಿತ ಮಾಡ್ಕೋಬೇಕಾ? ಒಂದು ಚಿಟಿಕೆ ಪೆಪ್ಟೈಡ್‌ಗೆ ಎಲ್‌ಮನ್ ರಿಯೇಜೆಂಟ್ ಹಾಕಿ, ಬಿಡಿ ಥಯಾಲ್ ಸಿಕ್ಕರೆ ಅದು ಹಳದಿಯಾಗುತ್ತೆ. ಯೂಬಿಕ್ವಿಟಿನ್‌ಗೆ ಸ್ವಂತದ ಸಿಸ್ಟೀನ್ ಒಂದೂ ಇಲ್ಲ, ಇರೋದು ನೀವು ಹಾಕಿದ್ದೊಂದೇ. ಹಳದಿ ಬರದೇ ಹೋದರೆ ಥಯಾಲ್ ಬಂದ್ ಅಂತ ಅರ್ಥ. ಟಿಸೆಪ್ ಮಾತ್ರ ಹಾಕಬೇಡಿ, ಅದೇ ಎಲ್‌ಮನ್ ರಿಯೇಜೆಂಟನ್ನು ಹಳದಿ ಮಾಡಿಬಿಡುತ್ತೆ.

ಪೆಪ್ಟೈಡ್ ಚೆಲ್ಲಬೇಡಿ. 6 ಮೋಲಾರ್ ಗ್ವಾನಿಡೀನ್‌ನಲ್ಲಿ ಕರಗಿಸಿ, 0.2 ಮೋಲಾರ್ ಮೆಥಾಕ್ಸಿಅಮೀನ್ ಹೈಡ್ರೋಕ್ಲೋರೈಡ್, ಪಿಎಚ್ 4, ರಾತ್ರಿಯಿಡೀ ಬಿಡಿ. ಅಸಿಟೋನನ್ನು ಅದು ಎಳ್ಕೊಂಡು ಉಂಗುರ ಬಿಚ್ಚುತ್ತೆ. ಆಮೇಲೆ ಎಚ್‌ಪಿಎಲ್‌ಸಿ ಮಾಡಿ ಮೆಥಾಕ್ಸಿಅಮೀನ್ ತೆಗೀರಿ, ಉಳಿದ್ರೆ ಥಯೋಎಸ್ಟರನ್ನೂ ತಿಂದೀತು. ಈ ಸಲ ಹೊಸ ಪ್ಲಾಸ್ಟಿಕ್ ಟ್ಯೂಬ್.

ಬಫರ್‌ಭಟ್ಟ (ಬುಧವಾರ, ಸಂಜೆ 6:52)

ಪಿಎಚ್ 4 ಅನ್ನೋದನ್ನ ಗಮನಿಸಿ. ಅಲ್ಲೂ ಪೇಪರ್ ಬಳಸಬೇಡಿ.

ಧಾರವಾಡ_ರೆಸಿನ್ (ಬುಧವಾರ, ರಾತ್ರಿ 8:15)

ಖರೇ ಹೇಳ್ಬೇಕಂದ್ರ ನಮ್ಮ ಲ್ಯಾಬಿನ್ಯಾಗೂ ಅಸಿಟೋನ್‌ಲೇನ ತೊಳೀತಾರ. ನಾಳೆ ಬಾಟ್ಲಿ ಎತ್ತಿ ಇಡಸ್ತೇನಿ. ಅಂದಂಗ ಸಿಸ್ಟೀನ್ ಲೈಗೇಶನ್ 1994ರಾಗ ಡಾಸನ್ ಮತ್ತ ಕೆಂಟ್ ಕಂಡ ಹಿಡಿದಿದ್ದು ಅಂತ ಎಲ್ಲಾರೂ ಬರೀತಾರ. ಆ ಕೆಮಿಸ್ಟ್ರಿ ವೀಲಾಂಡ್ 1953ರಾಗ ಮಾಡಿಟ್ಟಿದ್ದ, ವ್ಯಾಲಿನ್ ಥಯೋಎಸ್ಟರ್ ಮತ್ತ ಸಿಸ್ಟೀನ್ ಕೂಡಿಸಿ.

ಕುಡ್ಲದ_ಕಾಲಮ್ (ಬುಧವಾರ, ರಾತ್ರಿ 8:40)

ಎರಡು ಅಮಿನೋ ಆಮ್ಲ ಜೋಡಿಸುವುದಕ್ಕೂ ಪ್ರೋಟೀನ್ ಕಟ್ಟುವುದಕ್ಕೂ ವ್ಯತ್ಯಾಸ ಇಲ್ವಾ? ಇಟ್ಟಿಗೆ ಸುಟ್ಟವನಿಗೆ ಗೋಳಗುಮ್ಮಟದ ಕ್ರೆಡಿಟ್ ಕೊಡ್ತೀರಾ?

ಧಾರವಾಡ_ರೆಸಿನ್ (ಬುಧವಾರ, ರಾತ್ರಿ 8:47)

ಗೋಳಗುಮ್ಮಟ ನಮ್ಮ ಕಡೀದು. ಅದರ ಸುದ್ದಿಗೆ ಬರಬ್ಯಾಡ್ರಿ.

ಸಿಸ್ಟೀನ್‌ಸಂಕಟ (ಮುಂದಿನ ಮಂಗಳವಾರ, ರಾತ್ರಿ 12:20)

ಮಾಲಾ ಮೇಡಂ, ಕಾಲಿಗೆ ಬಿದ್ದೆ. ಎಲ್‌ಮನ್ ಹಾಕಿದೆ, ನೀರಿನ ಥರ ಬಿಳಿಗೆ ನಿಂತಿತ್ತು. ಪಕ್ಕದಲ್ಲಿ ಬಾಟಲಿ ಸಿಸ್ಟೀನ್ ಇಟ್ಟಿದ್ದೆ, ಅದು ಕ್ಷಣದಲ್ಲಿ ಅರಿಶಿನ. ಮೆಥಾಕ್ಸಿಅಮೀನ್‌ನಲ್ಲಿ ನಾಲ್ಕು ಗಂಟೆಗೆ ಅರ್ಧ, ಬೆಳಿಗ್ಗೆ ನೋಡಿದ್ರೆ 886 ಮಾಯ, 876.3 ಒಂದೇ. ಲೈಗೇಶನ್ 5 ಗಂಟೆಯಲ್ಲಿ ಮುಗೀತು, ಮಾಸ್ 8597. ಪಿಎಚ್ ಅದೇ ಪೇಪರ್‌ನಲ್ಲೇ ನೋಡಿದ್ದು, ಭಟ್ರು ಬೇಜಾರು ಮಾಡ್ಕೋಬಾರದು. ಅಸಿಟೋನ್ ಬಂದಿದ್ದು ಟ್ಯೂಬ್‌ನಿಂದಲೋ ಡ್ರೈ ಐಸ್ ಬಾತ್‌ನಿಂದಲೋ ಗೊತ್ತಾಗಲಿಲ್ಲ, ಎರಡನ್ನೂ ಬಿಟ್ಟುಬಿಟ್ಟೆ.

ಇನ್ನೊಂದು ತೊಂದರೆ, ಸಲ್ಫರ್ ಕಿತ್ತು ಅಲನಿನ್ ಮಾಡೋ ಡಿಸಲ್ಫರೈಸ್ ಹಂತದಲ್ಲಿ. ಲೈಗೇಶನ್ ಮಿಕ್ಸ್‌ಗೇ ಸೀದಾ ವಿಎ-044 (ರ್ಯಾಡಿಕಲ್ ಹುಟ್ಟಿಸೋದು), ಗ್ಲುಟಾಥಯೋನ್, ಟಿಸೆಪ್ ಹಾಕಿ 37 ಡಿಗ್ರಿಯಲ್ಲಿ ಇಟ್ಟೆ. ರಾತ್ರಿಯಿಡೀ ಬಿಟ್ಟರೂ 8597 ಅಲ್ಲೇ ಇದೆ, 8565ಕ್ಕೆ ಇಳೀತಿಲ್ಲ. ಕಂಡಿಶನ್ ಎಲ್ಲ ಮಾಮೂಲಿನೇ. ಏನಿರಬಹುದು?

ಬಫರ್‌ಭಟ್ಟ (ಬುಧವಾರ, ಬೆಳಿಗ್ಗೆ 6:58)

ಪಿಎಚ್ ಎಷ್ಟಿತ್ತು?

ಎಂಎಸ್_ಮಾಲಾ (ಬುಧವಾರ, ಬೆಳಿಗ್ಗೆ 9:15)

ಮಾಮೂಲಿ ಅಂತ ಮತ್ತೆ ಬರೆದ್ರಲ್ಲ! ಸೀದಾ ಮಿಕ್ಸ್‌ಗೇ ಹಾಕಿದ್ರಿ ಅಂದ್ರೆ, ಎಂಪಿಎಎ ತೆಗೆದಿಲ್ಲ ತಾನೇ?