ಮೂಸ್: ಹ್ಯಾಂಡಲ್ಸ್‌ಗೆ ರೋಲ್ ಹೆಸರು ಕೊಟ್ಟರೂ ‘ಮೆಥಡ್ ಇಲ್ಲ’ ಎರರ್

ಮಂಡಿಪೇಟೆ:
ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಗೆ ಮೆಕ್ಕೆಜೋಳದ ಬಿಲ್ಲಿಂಗ್ ಪ್ರೋಗ್ರಾಂ, ಪರ್ಲ್‌ನ ಮೂಸ್ (Moose, ಕ್ಲಾಸ್ ಬರೆಯೋಕೆ ಬಳಸುವ ಮಾಡ್ಯೂಲ್) ಬಳಸಿ. ‘ತೂಕ’ ಅನ್ನೋ ರೋಲ್ (ಕ್ಲಾಸ್‌ಗಳಿಗೆ ಸೇರಿಸುವ ಮೆಥಡ್‌ಗಳ ಗುಂಪು) ರಿಕ್ವೈರ್ಸ್‌ನಲ್ಲಿ (requires, ಕ್ಲಾಸ್‌ನಲ್ಲಿ ಇರಲೇಬೇಕಾದ ಮೆಥಡ್‌ಗಳ ಪಟ್ಟಿ) ಮೂರು ಮೆಥಡ್ ಕೇಳುತ್ತೆ: ಒಟ್ಟು, ಚೀಲ, ನಿವ್ವಳ. ‘ಬಿಲ್’ ಕ್ಲಾಸ್‌ನಲ್ಲಿ ‘ಕಾಟಾ’ ಆಟ್ರಿಬ್ಯೂಟ್ ಇದೆ, ಅದರ ಹ್ಯಾಂಡಲ್ಸ್‌ಗೆ (handles, ಬಿಲ್‌ಗೆ ಬಂದ ಯಾವ ಮೆಥಡ್ ಕರೆಗಳನ್ನು ಕಾಟಾಗೆ ದಾಟಿಸಬೇಕು ಅಂತ ಹೇಳುವ ಆಪ್ಷನ್) ರೋಲ್ ಹೆಸರನ್ನೇ ಕೊಟ್ಟಿದೆ. ಕ್ಲಾಸ್‌ಗೆ ರೋಲ್ ಸೇರಿಸುವ ವಿತ್ (with) ಸಾಲು ಫೈಲಿನ ಮೇಲ್ಗಡೆನೇ ಇದೆ. ಲೋಡ್ ಆಗುವಾಗಲೇ ಮೂರೂ ಮೆಥಡ್ ಇಲ್ಲ ಅಂತ ನಿಂತುಬಿಡುತ್ತೆ. ವಿತ್ ತೆಗೆದರೆ ಓಡುತ್ತೆ, ಆದರೆ ಬಿಲ್ ಆಬ್ಜೆಕ್ಟ್‌ಗೆ ‘ತೂಕ’ ರೋಲ್ ಇದೆಯಾ ಅಂತ ಡಸ್ (does) ಕೇಳಿದರೆ ಸುಳ್ಳು ಅನ್ನುತ್ತೆ. ಎರಡೂ ಸರಿಯಾಗೋದು ಹೇಗೆ?

ಕೋಟೆಊರು:
ವಿತ್ ಸಾಲನ್ನು ಹ್ಯಾಸ್‌ನ (has, ಆಟ್ರಿಬ್ಯೂಟ್ ಬರೆಯುವ ಸಾಲು) ಕೆಳಗೆ ಹಾಕಿ, ಅಷ್ಟೇ. ಸಬ್ ಅಂತ ಬರೆದ ಮೆಥಡ್ ಕಂಪೈಲ್ ಆಗುವಾಗಲೇ ಕ್ಲಾಸ್‌ನೊಳಗೆ ಇರುತ್ತೆ. ಹ್ಯಾಸ್, ವಿತ್ ಎರಡೂ ಬರೀ ಫಂಕ್ಷನ್‌ಗಳು, ರನ್ ಆಗುವಾಗ ಬರೆದ ಕ್ರಮದಲ್ಲೇ ನಡೆಯುತ್ತವೆ. ವಿತ್ ಮೊದಲು ಬಂದರೆ ಅದು ರಿಕ್ವೈರ್ಸ್ ಪಟ್ಟಿ ಹಿಡಿದು ಹುಡುಕುವ ಹೊತ್ತಿಗೆ ಡೆಲಿಗೇಟ್ ಮೆಥಡ್‌ಗಳು (ಹ್ಯಾಂಡಲ್ಸ್‌ನಿಂದ ಹುಟ್ಟುವ, ಕರೆಯನ್ನು ಕಾಟಾಗೆ ದಾಟಿಸುವ ಮೆಥಡ್‌ಗಳು) ಇನ್ನೂ ಹುಟ್ಟಿರೋದೇ ಇಲ್ಲ.

ಡಸ್ ವಿಷಯ ಬೇರೆ. ಹ್ಯಾಂಡಲ್ಸ್ ಆ ರೋಲ್‌ನಿಂದ ಮೆಥಡ್ ಹೆಸರುಗಳನ್ನಷ್ಟೇ ತಗೊಳ್ಳುತ್ತೆ, ಕ್ಲಾಸ್‌ಗೆ ರೋಲ್ ಸೇರಿಸೋದಿಲ್ಲ. ಹಾಗಾಗಿ ವಿತ್ ಬೇಕೇ ಬೇಕು.

ಸಾಲುಮರ:
ಒಂದು ಎಚ್ಚರಿಕೆ. ರೋಲ್‌ನ ಸ್ವಂತ ಮೆಥಡ್‌ಗಳು ಮತ್ತು ರಿಕ್ವೈರ್ಸ್‌ನಲ್ಲಿರುವವು ಮಾತ್ರ ಡೆಲಿಗೇಟ್ ಆಗುತ್ತವೆ. ರೋಲ್‌ನೊಳಗೆ ಹ್ಯಾಸ್‌ನಿಂದ ಬರೆದ ಆಟ್ರಿಬ್ಯೂಟ್‌ಗಳ ರೀಡರ್‌ಗಳು ಬರೋದಿಲ್ಲ, ಮೆಥಡ್‌ನ ಮೊದಲು, ನಂತರ, ಸುತ್ತ ಓಡುವ ಬಿಫೋರ್, ಆಫ್ಟರ್, ಅರೌಂಡ್ ಕೋಡ್ ಕೂಡ ಇಲ್ಲ. ನಾಳೆ ‘ತೂಕ’ ರೋಲ್‌ಗೆ ‘ತೇವಾಂಶ’ ಅನ್ನೋ ಆಟ್ರಿಬ್ಯೂಟ್ ಸೇರಿಸಿದರೆ, ಅದು ಬಿಲ್‌ನಿಂದ ಕಾಟಾಗೆ ತಾನಾಗಿ ಹೋಗುತ್ತೆ ಅಂದುಕೊಳ್ಳಬೇಡಿ. ಅದನ್ನೂ ರಿಕ್ವೈರ್ಸ್‌ನಲ್ಲೇ ಬರೆಯಿರಿ. ನನ್ನ ಪ್ರಕಾರ ಡೆಲಿಗೇಶನ್‌ಗೆ ಬಳಸುವ ರೋಲ್‌ನಲ್ಲಿ ರಿಕ್ವೈರ್ಸ್ ಬಿಟ್ಟು ಬೇರೇನೂ ಇರಬಾರದು. ಲೆಕ್ಕ ಮಾಡುವ ಕೋಡ್‌ಗೆ ಬೇರೆ ರೋಲ್ ಮಾಡಿ.

ಹೆಸರು ಬದಲಿಸಬೇಕಿದ್ದರೆ ರೋಲ್ ಹೆಸರಿನ ಬದಲು ಹ್ಯಾಶ್ ಕೊಡಿ. ಎಡಕ್ಕೆ ಬಿಲ್‌ನಲ್ಲಿ ಬೇಕಾದ ಹೆಸರು, ಬಲಕ್ಕೆ ಕಾಟಾದಲ್ಲಿರುವ ಮೆಥಡ್. ತಿರುಗುಮುರುಗಾದರೆ ಹ್ಯಾಸ್ ಸಾಲು ಅದನ್ನು ಹಿಡಿಯೋದಿಲ್ಲ, ಕೆಲವೊಮ್ಮೆ ತಪ್ಪು ಗೊತ್ತಾಗೋದು ಮೆಥಡ್ ಕರೆದಾಗಲೇ.

ಕೋಟೆಊರು:
ಇನ್ನೊಂದು. ‘ಕಾಟಾ’ ಖಾಲಿ ಇದ್ದಾಗ ನಿವ್ವಳ ಕರೆದರೆ, ಮೌಲ್ಯ ಡಿಫೈನ್ ಆಗಿಲ್ಲ, ಡೆಲಿಗೇಟ್ ಮಾಡಲಾಗದು ಅಂತ ಎರರ್ ಬರುತ್ತೆ, ಅದೂ ಬಿಲ್ ಪ್ರಿಂಟ್ ಮಾಡುವ ಹೊತ್ತಿಗೆ. ಹ್ಯಾಸ್‌ನಲ್ಲಿ ರಿಕ್ವೈರ್ಡ್‌ಗೆ 1 ಕೊಡಿ, ಇಲ್ಲವೇ ಲೇಜಿ ಜೊತೆ ಬಿಲ್ಡರ್ (ಬೇಕಾದಾಗ ಮೌಲ್ಯ ತಯಾರಿಸುವ ಮೆಥಡ್) ಇಡಿ. ಹ್ಯಾಸ್‌ನ ಡಸ್ ಆಪ್ಷನ್‌ಗೆ ‘ತೂಕ’ ಅಂತ ಹಾಕಿದರೆ ಬೇರೆ ಯಾವುದೋ ಆಬ್ಜೆಕ್ಟ್ ಕೊಟ್ಟ ಜಾಗದಲ್ಲೇ ಸಿಕ್ಕಿಬೀಳುತ್ತೆ.

ಮೂಸ್ ಬಿಟ್ಟು ಅದರಂತೆಯೇ ಇರುವ ಹಗುರ ಮಾಡ್ಯೂಲ್ ‘ಮೂ’ಗೆ (Moo) ಹೋಗುವುದಿದ್ದರೆ, ಹ್ಯಾಂಡಲ್ಸ್‌ಗೆ ರೋಲ್ ಹೆಸರು ಅಲ್ಲೂ ನಡೆಯುತ್ತೆ, ವಿತ್ ಕೆಳಗಿಡುವ ನಿಯಮವೂ ಅದೇ. ಆದರೆ ಹ್ಯಾಸ್‌ನಲ್ಲಿ ಡಸ್ ಆಪ್ಷನ್ ಇಲ್ಲ. ಕೊಟ್ಟ ಮೌಲ್ಯ ಪರೀಕ್ಷಿಸುವ ಇಸಾ (isa) ಆಪ್ಷನ್‌ಗೆ ಒಂದು ಸಬ್ ಕೊಟ್ಟು ಅದರೊಳಗೆ ಡಸ್ ಕೇಳಿ, ರೋಲ್ ಇಲ್ಲದಿದ್ದರೆ ಡೈ (die) ಹಾಕಿ ಎರರ್‌ನೊಂದಿಗೆ ನಿಲ್ಲಿಸಿ. ಪರ್ಲ್ 5.38ರಲ್ಲಿ ಬಂದ ಕ್ಲಾಸ್ ಕೀವರ್ಡ್‌ನಲ್ಲಿ ರೋಲ್‌ಗಳೇ ಇಲ್ಲ, ಈ ಕೆಲಸಕ್ಕೆ ಅದು ಆಗೋದಿಲ್ಲ.