ಅಪ್‌ಡೇಟ್: ಎರಡು ಪಾಲಿಸಿ, ಒಂದೇ ಬಿಲ್, ಕ್ಲೇಮ್ ಆಯ್ತು

ನನ್ನ ಹೆಲ್ತ್ ಇನ್ಶೂರೆನ್ಸ್ ಎರಡು: ಆಫೀಸಿನ ಗ್ರೂಪ್ ಪಾಲಿಸಿ 3 ಲಕ್ಷ, ಸ್ವಂತದ್ದು 5 ಲಕ್ಷ, ಆಸ್ಪತ್ರೆ ಬಿಲ್ 4,20,000. ಎರಡರಲ್ಲೂ ಕ್ಲೇಮ್ ಮಾಡಬಹುದಾ ಅಂತ ಕೇಳಿದ್ದೆ. ಮಾಡಬಹುದು.

ಗ್ರೂಪ್ ಪಾಲಿಸಿಯಲ್ಲಿ ಕ್ಯಾಶ್‌ಲೆಸ್ 3 ಲಕ್ಷ ಪೂರ್ತಿ ಸಿಕ್ತು. ಉಳಿದ 1,20,000 ಕೈಯಿಂದ ಕಟ್ಟಿ, ಸ್ವಂತ ಪಾಲಿಸಿಯಲ್ಲಿ ರೀಇಂಬರ್ಸ್‌ಮೆಂಟ್‌ಗೆ ಹಾಕಿದೆ. ಬಂದದ್ದು 1,11,300. ಕತ್ತರಿಸಿದ 8,700 ಗ್ಲೌಸ್, ಮಾಸ್ಕ್, ರಿಜಿಸ್ಟ್ರೇಶನ್ ಫೀ ಥರದ್ದು. ಎರಡೂ ಪಾಲಿಸಿಯಲ್ಲಿ ಇವಕ್ಕೆ ಕವರ್ ಇಲ್ಲ.

ಮೊದಲ ಸಲ ಫೈಲ್ ವಾಪಸ್ ಬಂತು: ಒರಿಜಿನಲ್ ಬಿಲ್ ಇಲ್ಲವಂತೆ. ಅವು ಮೊದಲನೇ ಕಂಪನಿಯ ಟಿಪಿಎ (ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಏಜೆನ್ಸಿ) ಹತ್ತಿರ ಇರ್ತವಲ್ಲ! ಅದರ ಬದಲು ಕೊಡಬೇಕಾದ್ದು ಎರಡು. ಯಾವ ಐಟಂಗೆ ಎಷ್ಟು ಕೊಟ್ಟರು, ಎಷ್ಟು ಕತ್ತರಿಸಿದರು ಅಂತ ತೋರಿಸುವ, ಮೊದಲನೇ ಕಂಪನಿಯ ಸೆಟಲ್‌ಮೆಂಟ್ ಲೆಟರ್. ಜೊತೆಗೆ ಬಿಲ್, ಡಿಸ್ಚಾರ್ಜ್ ಸಮರಿ, ಲ್ಯಾಬ್ ರಿಪೋರ್ಟುಗಳ ಜೆರಾಕ್ಸ್, ಪ್ರತಿ ಪುಟಕ್ಕೂ ಆಸ್ಪತ್ರೆ ಸೀಲು, ಸಹಿ. ಲೆಟರ್ ಬರೋದು ತಡವಾಗುತ್ತೆ, ಹಾಗಾಗಿ ಅಡ್ಮಿಟ್ ಆದ ದಿನವೇ ಎರಡೂ ಕಂಪನಿಗೆ ತಿಳಿಸಿ ಇಂಟಿಮೇಶನ್ ನಂಬರ್ ಬರೆದಿಟ್ಟುಕೊಳ್ಳಿ.

ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಯಾವ ಪಾಲಿಸಿ ಮೊದಲು ಅನ್ನೋದು ನಮ್ಮ ಆಯ್ಕೆ. ಬಾಕಿ ಮೊತ್ತಕ್ಕೆ ಇನ್ನೊಂದು ಕಂಪನಿ ಜೊತೆ ಮೊದಲನೆಯದೇ ಮಾತಾಡಬೇಕು. ಕಾಗದಕ್ಕೆ ಓಡಾಡಿದ್ದು ಮಾತ್ರ ನಾನೇ.

ಸ್ವಂತ ಪಾಲಿಸಿ ಮುಟ್ಟಿದ್ದಕ್ಕೆ ಈ ವರ್ಷದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಸಿಗೋ ಬೋನಸ್) ಹೋಯ್ತು.